ಸಿಡಿಯಬಾರದೇ

ಬಚ್ಚಲಿನ ಬಾಗಿಲ ಹೊರಗೆ ಹೆಗಲ ಮೇಲೆ ಟವೆಲು ಹಾಕಿಕೊಂಡು ನಿಂತವನಿಗೆ, ಒಳಗೆ ಮಾವ ಬಾಯಿ ಮುಕ್ಕಳಿಸುವುದು ಇನ್ನೂ ಮುಗಿದಿಲ್ಲವೆಂದು ಸದ್ದಿನಿಂದಲೇ ಗೊತ್ತಾಗುತ್ತಿತ್ತು. ತನ್ನದೇ ಮನೆಯ ಬಚ್ಚಲಿಗೆ ತಾನೇ ಸರದಿಯಲ್ಲಿ ನಿಲ್ಲುವುದು, ಅದೂ ಅತ್ತೆಯದಾದ ಮೇಲೆ, ಭಾವಮೈದನದಾದ ಮೇಲೆ, ಇಷ್ಟು ಹೊತ್ತಿಗೆ ರೂಢಿಯಾಗಿರಬೇಕಿತ್ತು, ಆಗಿರಲಿಲ್ಲ. ಇರುವುದು ಎರಡು ಕೋಣೆಯ ಮನೆ. ಜ್ವಾಲಾಮುಖಿ ಬೆಟ್ಟ ಸಿಡಿದೀತೆಂದು ತಪ್ಪಲಿನ ಊರನ್ನು ಖಾಲಿ ಮಾಡಿಸಿದ ದಿನ ಹೆಂಡತಿಯ ತವರಿನವರೆಲ್ಲ ಗಂಟುಮೂಟೆ ಕಟ್ಟಿಕೊಂಡು ಇಲ್ಲಿಗೆ ಬಂದಿದ್ದರು. ನಾಲ್ಕು ದಿನದ ಮಾತು, ಬನ್ನಿ, ಎಂದು ಫೋನಿನಲ್ಲಿ ಕರೆದವನು ಅವನೇ. ಆ ನಾಲ್ಕು ದಿನ ಎಂದೋ ಮುಗಿದು, ಬಂದಾಗ ಚಳಿಗೆ ಹೊದ್ದುಕೊಳ್ಳುತ್ತಿದ್ದ ದಪ್ಪ ಹೊದಿಕೆಗಳನ್ನು ಅತ್ತೆ ಈಗ ಮಡಿಸಿ ಅಟ್ಟಕ್ಕೆ ಹಾಕಿಯಾಗಿತ್ತು. ಬೆಟ್ಟ ಮಾತ್ರ ತನಗೂ ಈ ಗಲಾಟೆಗೂ ಸಂಬಂಧವೇ ಇಲ್ಲವೆನ್ನುವಂತೆ ತೆಪ್ಪಗೆ ಕೂತಿತ್ತು. ಬಾಗಿಲು ತೆರೆದು ಹೊರಗೆ ಬಂದ ಮಾವ ಗಲ್ಲ ಒರೆಸಿಕೊಳ್ಳುತ್ತ, ದಿನಾ ಕೇಳುವುದನ್ನೇ ಕೇಳಿದರು: “ಏನಳಿಯಂದಿರೇ, ನಿಮ್ಮ ಬೆಟ್ಟ ಹೇಗಿದೆ ಇವತ್ತು?”

ನಿಮ್ಮ ಬೆಟ್ಟ. ಮದುವೆಯಾದ ಹೊಸದರಲ್ಲಿ ಅವನು ಮಾವನ ಮನೆಗೆ ಹೋದಾಗಲೆಲ್ಲ ಅದು ‘ನಮ್ಮ ಬೆಟ್ಟ’ವಾಗಿತ್ತು. ನಮ್ಮ ಬೆಟ್ಟದ ನೀರು ಕುಡಿದು ನೋಡಿ, ನಮ್ಮ ಬೆಟ್ಟದ ಗಾಳಿಗೆ ಒಗೆದ ಬಟ್ಟೆ ಗಳಿಗೆಯಲ್ಲಿ ಒಣಗುತ್ತೆ, ಎಂದೆಲ್ಲ ಮಾವ ಹೇಳುತ್ತಿದ್ದರು. ಅವರದು ತಪ್ಪಲಿನಲ್ಲಿ ದೊಡ್ಡ ಲಾಂಡ್ರಿ. ಸುತ್ತಲಿನ ಹೋಟೆಲುಗಳ ಬಿಳಿ ಚಾದರಗಳೆಲ್ಲ ಅವರ ತಂತಿಗಳ ಮೇಲೆಯೇ ಹಾರಾಡುತ್ತಿದ್ದವು. ಮದುವೆಯಲ್ಲಿ ಅವರು ಅಳಿಯನನ್ನು ಬೆಟ್ಟದ ನಾಡಿ ನೋಡುವ ಡಾಕ್ಟರು ಎಂದು ನೆಂಟರಿಗೆಲ್ಲ ಪರಿಚಯ ಮಾಡಿಸಿದ್ದರು. ಖಾಲಿ ಮಾಡಿಸಿದ ದಿನದಿಂದ ಬೆಟ್ಟ ಅವರ ಕೈಬಿಟ್ಟು ಇವನ ಪಾಲಿಗೆ ಬಂದಿತ್ತು, ಮನೆಯಲ್ಲಿ ಕೆಟ್ಟ ನಡತೆಯ ಹುಡುಗನೊಬ್ಬನಿದ್ದರೆ ಗಂಡ ಹೆಂಡಿರು ಒಬ್ಬರಿಗೊಬ್ಬರು ‘ನಿಮ್ಮ ಮಗ’ ಎಂದು ಅಂಟಿಸುವ ಹಾಗೆ. ಹಾಗೇ ಇದೆ ಮಾವ, ಎಂದಷ್ಟೇ ಹೇಳಿ ಅವನು ಒಳಗೆ ಹೋದ. ಬಿಸಿನೀರು ಮುಗಿದಿತ್ತು. ತಣ್ಣೀರು ಸುರಿದುಕೊಳ್ಳುತ್ತಿರುವಾಗ ಹೊರಗೆ ಅತ್ತೆ ಯಾರಿಗೋ ಫೋನಿನಲ್ಲಿ, ಮನೆಗೆ ಮಾರಿ ಊರಿಗೆ ಉಪಕಾರಿ ಅಂತಾರಲ್ಲ, ಇದು ಊರಿಗೂ ಇಲ್ಲ, ಎಂದು ನಗುತ್ತ ಹೇಳುವುದು ಕೇಳಿಸಿತು. ತನ್ನ ಬಗ್ಗೆ ಅಲ್ಲದೆಯೂ ಇರಬಹುದು ಎಂದುಕೊಂಡ. ನೂರಕ್ಕೆ ಎಷ್ಟು ಪಾಲು ತನ್ನ ಬಗ್ಗೆ, ಎಷ್ಟು ಪಾಲು ಬೇರೆಯವರ ಬಗ್ಗೆ ಎಂದು ಮನಸ್ಸು ಆಗಲೇ ಲೆಕ್ಕ ಹಾಕತೊಡಗಿದ್ದಕ್ಕೆ ಅವನಿಗೇ ಹೇಸಿಗೆಯಾಯಿತು.

ಅಡಿಗೆಮನೆಯ ಕಿಟಕಿಯಿಂದ, ಎದುರಿನ ಎರಡು ಕಟ್ಟಡಗಳ ನಡುವೆ, ಬೆಟ್ಟದ ತುದಿಯ ಒಂದು ಚೂರು ಕಾಣುತ್ತಿತ್ತು. ಹೆಂಡತಿ ಬೆನ್ನು ಹಾಕಿ ಟೀ ಸೋಸುತ್ತಿದ್ದಳು. ಅವಳು ಲೆಕ್ಕದ ಟೀಚರು. ಅವಳ ಶಾಲೆ ಈಗ ನಿರಾಶ್ರಿತರ ಶಿಬಿರವಾಗಿದ್ದರಿಂದ ಪಾಠವಿಲ್ಲದೆ, ಬೆಳಿಗ್ಗೆ ಇಲ್ಲಿ ತನ್ನವರ ಚಾಕರಿ, ಮಧ್ಯಾಹ್ನ ಅಲ್ಲಿ ಊರವರ ಚಾಕರಿ ಎಂದು ಓಡಾಡಿ ಸೊರಗಿದ್ದಳು. ಅವನು ಲೋಟ ಹಿಡಿದು ಕಿಟಕಿಯ ಬಳಿ ನಿಂತ. ಹೊಗೆಯಿಲ್ಲ, ಹಬೆಯಿಲ್ಲ, ತುದಿಯ ಮೇಲೆ ಬಿಸಿಲು ಬಿದ್ದು ಒಳ್ಳೇ ಮಗುವಿನ ತಲೆಯ ಹಾಗೆ ಹೊಳೆಯುತ್ತಿತ್ತು. ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ. ಅದನ್ನು ನೋಡುತ್ತ, ಹೊರಡುವ ಮುಂಚೆ ದೇವರ ಪಟಕ್ಕೆ ಕೈಮುಗಿಯುವವರ ಹಾಗೆ, ಅವನು ದಿನಾ ಮನಸ್ಸಿನಲ್ಲೇ ಒಂದು ಮಾತು ಹೇಳಿಕೊಳ್ಳುವುದಿತ್ತು: ಸಿಡಿಯಬಾರದು. ಯಾರಿಗೂ ಏನೂ ಆಗಬಾರದು, ಸಿಡಿಯಬಾರದು. ಇವತ್ತೂ ಅದನ್ನೇ ಹೇಳಲು ಹೋದ. ತುಟಿ ಅಲ್ಲಾಡಿ, ಸಣ್ಣಗೆ ಸದ್ದೂ ಬಂತು. ಬಂದದ್ದು ಮಾತ್ರ ಬೇರೆ. ‘ಸಿಡಿಯಬಾರದೇ.’ ಒಂದೇ ಒಂದು ಸ್ವರ ಕೊನೆಯಲ್ಲಿ ಬೇರೆಯಾಗಿತ್ತು, ಅಷ್ಟೇ. ಮಳೆ ಬರಬಾರದೇ ಎನ್ನುತ್ತಾರಲ್ಲ, ಕಾದು ಕಾದು ಬೇಸತ್ತವರು, ಆ ಧಾಟಿ. ಲೋಟ ಕೈಯಲ್ಲೇ ನಿಂತುಬಿಟ್ಟಿತು. ಹೆಂಡತಿ ತಿರುಗಿ ಏನು ಅಂದಿರಿ ಎಂದು ಕೇಳಿದಳು. ಏನಿಲ್ಲ, ಎಂದ. ನಾಲಿಗೆ ತೊದಲಿದ್ದು ಎಂದು ತನಗೇ ಸಮಾಧಾನ ಹೇಳಿಕೊಂಡ. ನಾಲಿಗೆ ಅಷ್ಟು ಜಾಣತನದಿಂದ ತೊದಲುವುದಿಲ್ಲ ಎಂದು ಅವನಿಗೆ ಗೊತ್ತಿತ್ತು.

ವೀಕ್ಷಣಾಲಯಕ್ಕೆ ಹೋಗುವ ದಾರಿ ಶಾಲೆಯ ಮುಂದೆಯೇ ಹಾಯುತ್ತಿತ್ತು. ಬೇರೆ ದಾರಿಯೂ ಇತ್ತು, ಸ್ವಲ್ಪ ಸುತ್ತು; ಒಂದು ವಾರ ಅದರಲ್ಲಿ ಹೋಗಿ, ತಾನು ಹೆದರಿಕೊಂಡು ಹೋಗುತ್ತಿದ್ದೇನೆ ಎಂದು ಅರಿವಾದ ಮೇಲೆ ಹಟಕ್ಕೆ ಬಿದ್ದು ಮತ್ತೆ ಇದೇ ದಾರಿ ಹಿಡಿದಿದ್ದ. ಆಟದ ಮೈದಾನದ ಬೇಲಿಯುದ್ದಕ್ಕೂ ಒಗೆದ ಬಟ್ಟೆಗಳು. ಎಲ್ಲರ ಬಳಿಯೂ ಇರುವುದು ಎರಡೋ ಮೂರೋ ಜೊತೆ, ಆದ್ದರಿಂದ ಇವತ್ತು ಮೈಮೇಲಿದ್ದದ್ದು ನಾಳೆ ಬೇಲಿಯ ಮೇಲೆ. ಉಳಿದದ್ದೆಲ್ಲ ಅಲ್ಲಿ, ಕಪಾಟುಗಳಲ್ಲಿ, ಮಾವನ ಲಾಂಡ್ರಿಯಲ್ಲಿ. ಮಾವ ಸಂಜೆ ಹೊತ್ತು ಈ ಕಡೆ ತಲೆಹಾಕುವುದನ್ನೇ ಬಿಟ್ಟಿದ್ದರು. ಕಂಡವರೆಲ್ಲ ನಮ್ಮ ಕೋಟು, ನಮ್ಮ ಸೀರೆ ಎಂದು ಕೇಳುತ್ತಿದ್ದರು. ಒಬ್ಬ ಹುಡುಗನ ಮದುವೆಯ ಸೂಟು ಇಸ್ತ್ರಿಯಾಗಿ ಮೊಳೆಗೆ ನೇತುಬಿದ್ದಿದ್ದು, ಅವನು ಎರವಲು ಬಟ್ಟೆಯಲ್ಲಿ ತಾಳಿ ಕಟ್ಟಬೇಕಾಯಿತಂತೆ. ಜನ ನನ್ನನ್ನ ಕಳ್ಳನ ಹಾಗೆ ನೋಡ್ತಾರೆ, ನಲವತ್ತು ವರ್ಷದಲ್ಲಿ ಒಂದು ಕರವಸ್ತ್ರ ಕಳೆದವನಲ್ಲ ನಾನು, ಎಂದು ಮಾವ ಒಂದು ಸಲ ಊಟದ ಮಧ್ಯೆ ಹೇಳಿ, ಮುಂದೆ ತಿನ್ನಲಾರದೆ ಎದ್ದಿದ್ದರು. ಆ ಒಂದು ಸಲ ಅವನಿಗೆ ಮಾವನ ಮೇಲೆ ಪ್ರೀತಿ ಉಕ್ಕಿತ್ತು. ಮರುದಿನ ಬೆಳಿಗ್ಗೆ ‘ನಿಮ್ಮ ಬೆಟ್ಟ’ ಎಂದ ಕೂಡಲೇ ಇಳಿದುಹೋಗಿತ್ತು.

ಬೇಲಿಯ ಬಳಿ ಕೂತ ಗಂಡಸರು ಅವನನ್ನು ಕಂಡು ಮಾತು ನಿಲ್ಲಿಸಿದರು. ಮುಂಚೆ ಹೀಗೆ ಮಾತು ನಿಲ್ಲಿಸಿದಾಗ ಅದರಲ್ಲಿ ಮರ್ಯಾದೆಯಿತ್ತು. ಬೆಟ್ಟದಡಿಯಲ್ಲಿ ದಿನಕ್ಕೆ ನೂರಾರು ಸಣ್ಣ ಕಂಪನಗಳು ಎದ್ದು, ಇಳಿಜಾರು ಊದಿಕೊಂಡು, ಗಂಧಕದ ವಾಸನೆ ಪೇಟೆಯವರೆಗೂ ಬಂದ ಆ ದಿನಗಳಲ್ಲಿ, ಮೊದಲು ಬಾಯಿಬಿಟ್ಟು ಜನರನ್ನು ಕೆಳಗಿಳಿಸಿ ಎಂದವನು ಅವನು. ಟೀವಿಯವರು ಅವನ ಮುಖಕ್ಕೆ ದೀಪ ಹಿಡಿದಿದ್ದರು. ಅಂಗಡಿಯಲ್ಲಿ ಸಾಮಾನು ತೆಗೆದುಕೊಳ್ಳುವಾಗ ಜನ ಹಿಂದೆ ಸರಿದು ದಾರಿ ಬಿಡುತ್ತಿದ್ದರು. ಹೆದರಿಕೆಯ ಆ ದಿನಗಳಲ್ಲಿ ತಾನು ಎಷ್ಟು ಸುಖವಾಗಿದ್ದೆ ಎನ್ನುವುದನ್ನು ಈಗ ನೆನೆಸಿಕೊಂಡರೆ ಅವನಿಗೆ ಕಿವಿ ಬಿಸಿಯಾಗುತ್ತಿತ್ತು. ಆಮೇಲೆ ಕಂಪನಗಳು ಒಂದೊಂದಾಗಿ ನಿಂತವು. ಪತ್ರಿಕೆಯೊಂದು ಬೆಟ್ಟ ಅಗೆದು ಇಲಿ ಹಿಡಿದರು ಎಂದು ದಪ್ಪಕ್ಷರದಲ್ಲಿ ಹಾಕಿತು. ಇಲಿಯ ಜಾಗದಲ್ಲಿ ಅವನ ಪಟವಿತ್ತು. ಭಾವಮೈದ ಅದನ್ನು ಕತ್ತರಿಸಿ ತನ್ನ ಪುಟ್ಟ ಸರಕು ಗಾಡಿಯ ಗಾಜಿಗೆ ಅಂಟಿಸಿಕೊಂಡು, ತಮಾಷೆಗೆ ಭಾವ, ತಮಾಷೆಗೆ, ಎಂದಿದ್ದ. ಅವನೂ ನಕ್ಕಿದ್ದ. ಈಗ ಬೇಲಿಯ ಬಳಿಯಿಂದ ಒಬ್ಬ ಮುದುಕ, ಯಾವಾಗಪ್ಪಾ ಕಳಿಸ್ತೀರಿ ನಮ್ಮನ್ನ, ಎಂದ. ಕೋಪವಿರಲಿಲ್ಲ, ಸುಸ್ತಾಗಿತ್ತು ಅವನ ದನಿ. ಇವತ್ತು ಸಭೆ ಇದೆ, ಎಂದ ಅವನು. ದಿನಾ ಸಭೆ ಇರುತ್ತಿತ್ತು.

ವೀಕ್ಷಣಾಲಯದ ನಡುಕೋಣೆಯ ಗೋಡೆಯ ಮೇಲೆ ಬೆಟ್ಟದ ಏಳು ಕಡೆ ಹೂತಿಟ್ಟ ಯಂತ್ರಗಳ ಏಳು ಗೆರೆಗಳು ಎಡದಿಂದ ಬಲಕ್ಕೆ ಹರಿಯುತ್ತಿದ್ದವು. ಏಳೂ ನೆಟ್ಟಗೆ. ಅವನು ಕುರ್ಚಿ ಎಳೆದುಕೊಂಡು ಕೂತು ಹಿಂದಿನ ದಿನದ್ದನ್ನೆಲ್ಲ ಮತ್ತೆ ಹರಡಿದ. ಒಂದು ಗೆರೆಯಲ್ಲಿ ಎಲ್ಲೋ ಮೇಯುವ ದನ ಹಾದುಹೋದ ಗುರುತು, ಇನ್ನೊಂದರಲ್ಲಿ ಗಾಳಿ. ಕೆಳಗಿನಿಂದ ಬಂದದ್ದು ಏನೂ ಇಲ್ಲ. ಇಳಿಜಾರಿನ ಊತ ಇಳಿದಿಲ್ಲ, ಏರಿಯೂ ಇಲ್ಲ. ಪಕ್ಕದ ಮೇಜಿನವನು, ಬೆಟ್ಟದ ಅನಿಲ ಅಳೆಯುವವನು, ಎಲ್ಲರೂ ಅವನನ್ನು ‘ಗ್ಯಾಸು’ ಎಂದೇ ಕರೆಯುತ್ತಿದ್ದರು, ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದ. ಗಂಧಕ ಇನ್ನೂ ಇಳಿದಿದೆ, ಎಂದ. ಇಳಿದಿದ್ದರೆ ಎರಡು ಅರ್ಥ. ಒಳಗಿನ ಕುದಿ ಆರಿರಬಹುದು. ಇಲ್ಲವೇ ಗಂಟಲು ಕಟ್ಟಿಕೊಂಡು ಉಸಿರು ಹೊರಗೆ ಬರಲಾಗದೆ ಒಳಗೇ ಒತ್ತುತ್ತಿರಬಹುದು. ಮೌನಕ್ಕೂ ಅಷ್ಟೇ, ಎರಡು ಅರ್ಥ. ಈ ವಿದ್ಯೆ ಕಲಿಯಲು ಇಷ್ಟು ವರ್ಷ ಸುರಿದು ಕೊನೆಗೆ ಸಿಕ್ಕಿದ್ದು ಪ್ರತಿಯೊಂದಕ್ಕೂ ಎರಡು ಅರ್ಥ. ನಿನಗೇನನ್ನಿಸುತ್ತೆ, ಎಂದು ಗ್ಯಾಸು ಕೇಳಿದ, ಕೇಳಿ, ಬೇಡ ಬೇಡ ಹೇಳಬೇಡ, ನಿಯಮ ಇದೆಯಲ್ಲ, ಎಂದು ತಾನೇ ಕೈಯಾಡಿಸಿ ಹೋದ.

ನಿಯಮ ಸರಾಸರಿ ಮೇಡಂ ಅವರದು. ವೀಕ್ಷಣಾಲಯದ ಮುಖ್ಯಸ್ಥೆಗೆ ಆ ಹೆಸರು ಬಂದದ್ದೇ ಇದರಿಂದ. ಐದು ಜನ ವಿಜ್ಞಾನಿಗಳನ್ನು ಒಟ್ಟಿಗೆ ಕೂರಿಸಿ ಕೇಳಿದರೆ ಗಟ್ಟಿ ಗಂಟಲಿನವನ ಮಾತೇ ಎಲ್ಲರ ಮಾತಾಗುತ್ತದೆ ಎಂದು ಅವರು ಒಬ್ಬೊಬ್ಬರನ್ನೇ ತಮ್ಮ ಕೋಣೆಗೆ ಕರೆದು, ಬಾಗಿಲು ಹಾಕಿ, ಈ ವಾರ ಬೆಟ್ಟ ಸಿಡಿಯುವ ಸಂಭವ ನೂರಕ್ಕೆ ಎಷ್ಟು ಎಂದು ಕೇಳುತ್ತಿದ್ದರು. ಐದೂ ಅಂಕಿ ಕೂಡಿಸಿ ಭಾಗಿಸಿ ಬಂದದ್ದನ್ನು ಸರ್ಕಾರದವರಿಗೆ ಕೊಡುವುದು. ಯಾರು ಏನು ಹೇಳಿದರು ಎಂಬುದು ಅವರ ಹೊಟ್ಟೆಯಲ್ಲೇ. ಹತ್ತಕ್ಕಿಂತ ಕಡಿಮೆ ಬಂದ ದಿನ ತಪ್ಪಲಿನ ಕೆಳಗಿನ ಪಟ್ಟಿಯನ್ನು ಜನರ ಓಡಾಟಕ್ಕೆ ತೆರೆಯಬೇಕೆಂದು ಮೊದಲೇ ಒಪ್ಪಂದವಾಗಿತ್ತು. ಮಾವನ ಲಾಂಡ್ರಿ ಇದ್ದದ್ದು ಆ ಪಟ್ಟಿಯಲ್ಲೇ. ಈ ಏರ್ಪಾಡನ್ನು ಒಮ್ಮೆ ಮಾವನಿಗೆ ವಿವರಿಸಲು ಹೋಗಿ ಅವನು ಸೋತಿದ್ದ. ನೂರಕ್ಕೆ ಹತ್ತು ಅಂದ್ರೆ ಸಿಡಿಯುತ್ತೆ ಅಂತಲೋ ಸಿಡಿಯಲ್ಲ ಅಂತಲೋ, ಎಂದು ಮಾವ ಕೇಳಿದ್ದರು. ಎರಡೂ ಅಲ್ಲ ಮಾವ, ಎಂದರೆ, ಅಡ್ಡಗೋಡೆ ಮೇಲೆ ದೀಪ ಇಡೋದಕ್ಕೂ ಈಗ ಸಂಬಳ ಕೊಡ್ತಾರೆ ಅನ್ನಿ, ಎಂದು ನಕ್ಕುಬಿಟ್ಟಿದ್ದರು. ತಿಂಗಳುಗಳಿಂದ ಎಲ್ಲರಿಗಿಂತ ಹೆಚ್ಚಿನ ಅಂಕಿ ಅವನದೇ ಇರುತ್ತದೆ ಎಂದು ಊರಿಗೆಲ್ಲ ಗೊತ್ತಿತ್ತು; ಹೊಟ್ಟೆಯೊಳಗಿನ ಗುಟ್ಟು ಮುಖದಲ್ಲಿ ಕಾಣುವುದಕ್ಕೆ ನಿಯಮದ ತಡೆಯಿಲ್ಲ.

ಅವನು ಗೆರೆಗಳ ಮುಂದೆ ಕೂತು ಮನಸ್ಸಿನಲ್ಲಿ ತೂಗಿದ. ಇಪ್ಪತ್ತು ಎಂದು ಬಂತು. ಯಂತ್ರಗಳು ಸುಮ್ಮನಿವೆ, ಊತ ಇಳಿದಿಲ್ಲ, ಅನಿಲ ಕಟ್ಟಿದೆ: ಇಪ್ಪತ್ತು. ಆಗ ಬೆಳಗಿನ ಆ ಸ್ವರ ಮತ್ತೆ ಕಿವಿಗೆ ಬಿತ್ತು. ಈ ಇಪ್ಪತ್ತರಲ್ಲಿ ಬೆಟ್ಟದ್ದೆಷ್ಟು, ನನ್ನದೆಷ್ಟು? ತಣ್ಣೀರಿನ ಸ್ನಾನದ್ದೆಷ್ಟು, ಗಾಡಿಯ ಗಾಜಿನ ಮೇಲಿನ ಇಲಿಯದೆಷ್ಟು? ನಿಧಾನವಾಗಿ ಅವನಿಗೆ ಭಯ ಹತ್ತಿತು. ಮೂರು ಸಾವಿರ ಜನ ಎರಡು ಜೊತೆ ಬಟ್ಟೆಯಲ್ಲಿ ಶಾಲೆಯ ಜಮಖಾನದ ಮೇಲೆ ಮಲಗಿರುವುದು ಬೆಟ್ಟಕ್ಕಾಗಿಯೋ, ತನ್ನ ಮಾನ ಉಳಿಸಿಕೊಳ್ಳುವುದಕ್ಕೋ? ಹಾಳುಬಿದ್ದ ತಕ್ಕಡಿಯಲ್ಲಿ ತೂಗಿದವನು ತೂಕದಿಂದ ತಕ್ಕಡಿಯ ದೋಷ ಕಳೆಯಬೇಕು. ಯಂತ್ರವೊಂದು ಒಂದೇ ಕಡೆಗೆ ವಾಲಿ ಓದುತ್ತಿದೆ ಎಂದು ಗೊತ್ತಾದರೆ ಆ ವಾಲನ್ನು ಅಳೆದು ಓದಿನಿಂದ ಕಳೆಯುವುದು ಅವರ ಕಸುಬಿನ ಮೊದಲ ಪಾಠ. ಈಗ ವಾಲಿರುವ ಯಂತ್ರ ತಾನೇ. ಎಷ್ಟು ಕಳೆಯಬೇಕು? ಐದು ಕಳೆದ. ಐದು ಕಳೆದವನು ತನ್ನ ಮೇಲೆ ತಾನೇ ಮಮತೆ ತೋರಿಸುತ್ತಿರಬಹುದಲ್ಲ ಎನ್ನಿಸಿ ಇನ್ನೂ ಸ್ವಲ್ಪ ಕಳೆದ. ಕಳೆದಷ್ಟೂ ಮನಸ್ಸು ಹಗುರವಾಯಿತು. ಹಗುರವಾಗುವುದೇ ಸತ್ಯದ ಗುರುತು ಎಂದು ಆ ಹೊತ್ತಿನಲ್ಲಿ ಅವನು ನಂಬಿಬಿಟ್ಟ.

ಸರಾಸರಿ ಮೇಡಂ ಬಾಗಿಲು ಹಾಕಿಕೊಂಡು ಕನ್ನಡಕ ಹಣೆಗೇರಿಸಿದರು. ಅವನು ಎಂಟು ಎಂದ. ಅವರು ಕನ್ನಡಕ ಕೆಳಗಿಳಿಸಿ ಅವನನ್ನು ನೋಡಿದರು.

“ನೀನಾ? ಎಂಟಾ?”

“ಎಂಟು.”

“ಯೋಚನೆ ಮಾಡಿ ಹೇಳ್ತಿದೀಯಾ?”

ಯೋಚನೆ ಮಾಡಿಯೇ ಹೇಳುತ್ತಿದ್ದೇನೆ, ಎಂದ. ಅದು ಸುಳ್ಳಲ್ಲ. ತನ್ನ ಜೀವಮಾನದಲ್ಲಿ ಯಾವ ಅಂಕಿಯ ಬಗ್ಗೆಯೂ ಇಷ್ಟು ಯೋಚನೆ ಮಾಡಿರಲಿಲ್ಲ. ಬೆಟ್ಟದ ಬಗ್ಗೆ ಮಾತ್ರ ಮಾಡಿರಲಿಲ್ಲ. ಹೊರಗೆ ಬಂದಾಗ ಮೈಯೆಲ್ಲ ತೊಳೆದು ಒಣಗಿಸಿದಂತಿತ್ತು. ಕಾರಿಡಾರಿನಲ್ಲಿ ಗ್ಯಾಸಿನ ಬೆನ್ನು ತಟ್ಟಿ ಮಾತಾಡಿಸಿದ. ಸ್ವಲ್ಪ ಹೊತ್ತಿಗೆ ಮೇಡಂ ನಡುಕೋಣೆಗೆ ಬಂದು, ಸರಾಸರಿ ಎಂಟೂ ಮುಕ್ಕಾಲಿಗೆ ಹತ್ತಿರ, ಸರಿಯಾಗಿ ಹೇಳಬೇಕೆಂದರೆ ಎಂಟು ಪಾಯಿಂಟ್ ಆರು, ಕೆಳಗಿನ ಪಟ್ಟಿ ಇವತ್ತೇ ತೆರೆಯುತ್ತಾರೆ, ಹಗಲು ಹೊತ್ತು ಮಾತ್ರ, ಎಂದು ಹೇಳಿ ಹೋದರು. ಯಾರೋ ಚಪ್ಪಾಳೆ ತಟ್ಟಿದರು. ಅವನೂ ತಟ್ಟಿದ. ತಟ್ಟುತ್ತಿರುವಾಗಲೇ ತಲೆಯೊಳಗಿನ ಆ ಹಾಳು ಲೆಕ್ಕ ತನ್ನಷ್ಟಕ್ಕೆ ನಡೆಯಿತು: ಐದರಿಂದ ಗುಣಿಸಿದರೆ ನಲವತ್ತಮೂರು, ನನ್ನ ಎಂಟು ತೆಗೆದರೆ ಮೂವತ್ತೈದು, ನನ್ನ ಇಪ್ಪತ್ತು ಸೇರಿಸಿದ್ದರೆ ಐವತ್ತೈದು, ಸರಾಸರಿ ಹನ್ನೊಂದು. ಹನ್ನೊಂದಾಗಿದ್ದರೆ ತೆರೆಯುತ್ತಿರಲಿಲ್ಲ. ಅವನ ಕೈಗಳು ಚಪ್ಪಾಳೆಯ ನಡುವೆ ನಿಂತವು. ಉಳಿದವರದ್ದೂ ಕೈ ನಿಂತಿದ್ದರಿಂದ ಯಾರೂ ಗಮನಿಸಲಿಲ್ಲ.

ಮೇಡಂ ಕೋಣೆಗೆ ಹೋಗಿ ಅಂಕಿ ಬದಲಾಯಿಸಬಹುದಿತ್ತು. ಏನೆಂದು ಹೇಳುವುದು? ನಾನು ಬೆಟ್ಟ ಸಿಡಿಯಲಿ ಎಂದು ಆಸೆಪಟ್ಟೆ, ಆ ಪಾಪಕ್ಕೆ ಹನ್ನೆರಡು ಅಂಕಿ ದಂಡ ಕಟ್ಟಿದೆ, ಈಗ ದಂಡ ವಾಪಸು ಕೊಡಿ ಎಂದೇ? ಈ ಪ್ರಶ್ನೆಯನ್ನು ಹೊತ್ತುಕೊಂಡು ಅವನು ಮೇಡಂ ಬಾಗಿಲಿನ ಬದಲು ಮನೆಯ ದಾರಿ ಹಿಡಿದ. ಶಾಲೆಯ ಮುಂದೆ ಆಗಲೇ ಗಾಡಿಗಳು ನಿಂತಿದ್ದವು. ಜನ ಚೀಲ ಹಿಡಿದು ಹತ್ತುತ್ತಿದ್ದರು, ಬೆಳಗಿನ ಆ ಮುದುಕ ಲಾರಿಯ ಮೇಲಿಂದ ಅವನಿಗೆ ಕೈಬೀಸಿದ. ಅವನು ನಿಂತು ನೋಡಿದ. ಇಳೀರಿ ಎಂದು ಕೂಗಬೇಕೆನ್ನಿಸಿತು. ಕೂಗಿದ್ದರೆ ಮತ್ತೆ ಇಲಿಯಾಗುತ್ತಿದ್ದ. ಅವನೂ ಕೈಬೀಸಿದ.

ಮನೆಯಲ್ಲಿ ಮಾವ ಶುಭ್ರವಾದ ಅಂಗಿ ಹಾಕಿಕೊಂಡು, ಹೊಸದಾಗಿ ಕೂದಲು ಬಾಚಿಕೊಂಡು, ಭಾವಮೈದ ಗಾಡಿ ತಿರುಗಿಸುವುದನ್ನು ಕಿಟಕಿಯಿಂದ ನೋಡುತ್ತ ಚಡಪಡಿಸುತ್ತಿದ್ದರು. ಮದುವೆಯ ದಿನ ಅವರು ಇಷ್ಟೇ ಸಡಗರದಲ್ಲಿದ್ದದ್ದು ಅವನಿಗೆ ನೆನಪಿತ್ತು. ಅಂತೂ ನಿಮ್ಮ ಬೆಟ್ಟ ರಜಾ ಕೊಟ್ಟಿತು, ಎಂದು ಅವನ ತೋಳು ಹಿಡಿದು ಅಲ್ಲಾಡಿಸಿದರು. ಮೊದಲು ಹೋಟೆಲಿನವರ ಚಾದರ, ಆಮೇಲೆ ಆ ಹುಡುಗನ ಸೂಟು, ಆಮೇಲೆ ಸೀರೆಗಳು. ಒಂದೇ ಸಲಕ್ಕೆ ಎಷ್ಟು ಹಿಡಿಯುತ್ತೋ ಅಷ್ಟು ತುಂಬಿಕೊಂಡು ಬಂದು, ಸಂಜೆ ಶಾಲೆಯ ಮುಂದೆ ನಿಂತು ಒಬ್ಬೊಬ್ಬರ ಹೆಸರು ಕೂಗಿ ಕೂಗಿ ಕೊಡುತ್ತಾರಂತೆ. ಕಳ್ಳನ ಹಾಗೆ ನೋಡಿದವರೆಲ್ಲ ಸಾಲಾಗಿ ಬಂದು ಇಸ್ಕೊಳ್ಳಲಿ, ಎಂದರು. ಅವನು, ಇವತ್ತೊಂದು ದಿನ ಬೇಡ ಮಾವ, ನಾಳೆ ಹೋಗಿ, ಎಂದ. ಯಾಕೆ ಎಂದರು. ಇವತ್ತು ನೂಕುನುಗ್ಗಲು, ಎಂದ. ಮಾವ ಅವನ ಮುಖವನ್ನೇ ನೋಡಿದರು. ಅವರ ಮುಖದ ಸಡಗರ ಆರುವುದನ್ನು ಅವನು ಕಂಡ, ಮಗುವಿನ ಕೈಯಿಂದ ಏನೋ ಕಿತ್ತುಕೊಂಡ ಹಾಗಾಯಿತು.

“ದೀಪ ಅಡ್ಡಗೋಡೆ ಮೇಲಿಂದ ಒಂದ್ಸಲ ಕೆಳಗಿಳಿಸಿ ಅಳಿಯಂದಿರೇ. ಹೋಗಬಹುದೋ, ಹೋಗಬಾರದೋ?”

ಅಡಿಗೆಮನೆಯ ಬಾಗಿಲಲ್ಲಿ ಹೆಂಡತಿ ಬಂದು ನಿಂತಿದ್ದಳು. ಬೇಡ ಎಂದರೆ ಅವಳು ಕಾರಣ ಕೇಳುತ್ತಾಳೆ. ಲೆಕ್ಕದವಳು, ಒಂದು ಮೆಟ್ಟಿಲು ಬಿಡದೆ ಕೇಳುತ್ತಾಳೆ, ಕೊನೆಯ ಮೆಟ್ಟಿಲಿನಲ್ಲಿ ಬೆಳಗಿನ ಆ ಮಾತು ಸಿಕ್ಕಿಬಿಡುತ್ತದೆ.

“ಹೋಗಬಹುದು,” ಎಂದ.

ಅವರಿಬ್ಬರೂ ಹೋದ ಮೇಲೆ ಮನೆ ದೊಡ್ಡದಾದಂತೆ ಕಂಡಿತು. ಅತ್ತೆ ಮಲಗಿದರು. ಹೆಂಡತಿ ಇವತ್ತು ಶಿಬಿರದಲ್ಲಿ ಕೆಲಸವಿಲ್ಲವೆಂದು ಅಡಿಗೆಮನೆಯ ನೆಲ ಉಜ್ಜುತ್ತಿದ್ದಳು. ಅವನು ಕೂತಲ್ಲಿ ಕೂರಲಾರದೆ ಒಂದು ಕೋಣೆಯಿಂದ ಇನ್ನೊಂದಕ್ಕೆ ಅಲೆದ, ಮಾವನ ಚಪ್ಪಲಿಯ ಜಾಗ ನೋಡಿದ, ವೀಕ್ಷಣಾಲಯಕ್ಕೆ ಫೋನು ಮಾಡಿ ಗ್ಯಾಸನ್ನು ಏನಾದರೂ ಇದೆಯಾ ಎಂದು ಕೇಳಿದ. ಏನಿಲ್ಲ, ಬೆಟ್ಟ ಮಲಗಿದೆ, ನೀನೂ ಮಲಗು, ಎಂದ ಗ್ಯಾಸು. ಹಾಸಿಗೆಯ ಅಂಚಿನಲ್ಲಿ ಕೂತು, ಈಗ ಮಾವ ಬೀಗ ತೆಗೆದಿರಬಹುದು, ಈಗ ಚಾದರಗಳ ಧೂಳು ಕೊಡವುತ್ತಿರಬಹುದು ಎಂದು ಎಣಿಸಿದ. ಸಂಜೆ ಅವರು ಬಂದು ಬಟ್ಟೆ ಹಂಚುವಾಗ ತಾನೂ ಪಕ್ಕದಲ್ಲಿ ನಿಂತು ಕೈ ನೀಡಬೇಕು, ಭಾವಮೈದನ ಜೊತೆ ನಗಬೇಕು, ಬೆಟ್ಟ ಮತ್ತೆ ‘ನಮ್ಮ ಬೆಟ್ಟ’ವಾಗಬೇಕು. ಹಾಗೆ ಯೋಚಿಸುತ್ತಿದ್ದರೂ ಅವನ ಒಳಗೊಂದು ಮೂಲೆ ಮುದುಡಿ ಕೂತು ಇದೇನೂ ಬೇಡ ಎನ್ನುತ್ತಿತ್ತು. ಎಂಟೆಂಬ ಅಂಕಿಯಲ್ಲಿ ತೊಳೆದುಕೊಂಡಿದ್ದು ಮೈ ಮಾತ್ರ.

ಆಗ ಎದೆಗೆ ಒಂದು ಗುದ್ದು ಬಿದ್ದ ಹಾಗಾಯಿತು. ಸದ್ದಲ್ಲ ಅದು, ಸದ್ದಿಗಿಂತ ಕೆಳಗಿನದು. ಮೊದಲು ಎದೆಗೆ ತಗುಲಿ ಆಮೇಲೆ ಕಿಟಕಿಯ ಗಾಜುಗಳೆಲ್ಲ ಒಂದೇ ಸಲ ಗದಗುಟ್ಟಿದವು. ಅವನು ಅಡಿಗೆಮನೆಗೆ ಓಡಿದ. ಎರಡು ಕಟ್ಟಡಗಳ ನಡುವಿನ ಆ ಚೂರು ಆಕಾಶದಲ್ಲಿ ಬೂದುಬಣ್ಣದ ಕಂಬವೊಂದು ಎದ್ದು ನಿಂತಿತ್ತು, ಅದರ ತಲೆ ಸುರುಳಿಸುರುಳಿಯಾಗಿ ಬಿಚ್ಚುತ್ತ ಮೇಲಕ್ಕೆ ಮೇಲಕ್ಕೆ ಹೋಗುತ್ತಿತ್ತು. ಇಷ್ಟು ವರ್ಷ ಪುಸ್ತಕದಲ್ಲಿ, ಪರದೆಯ ಮೇಲೆ ನೋಡಿದ್ದು. ಎಷ್ಟು ನಿಧಾನ, ಎಷ್ಟು ಚೆಂದ. ಅವನ ಬಾಯಿ ತೆರೆದುಕೊಂಡಿತು. ಒಳಗೆ ತಿಂಗಳುಗಳಿಂದ ಕಟ್ಟಿದ್ದದ್ದೆಲ್ಲ ಒಮ್ಮೆಗೇ ಬಿಚ್ಚಿ ಗಂಟಲಿಗೆ ಬಂತು.

“ಹೇಳಿರಲಿಲ್ವಾ ನಾನು! ಹೇಳಿರಲಿಲ್ವಾ!”

ಹೇಳಿ ನಕ್ಕ. ಜೋರಾಗಿಯೇ ನಕ್ಕ. ನಗುತ್ತಲೇ ಪಕ್ಕಕ್ಕೆ ತಿರುಗಿದಾಗ ಹೆಂಡತಿ ಒದ್ದೆ ಬಟ್ಟೆ ಹಿಡಿದು ನೆಲದ ಮೇಲೆ ಮೊಣಕಾಲೂರಿ ಅವನ ಮುಖವನ್ನೇ ನೋಡುತ್ತಿದ್ದಳು. ಕಿಟಕಿಯ ಕಡೆ ಅವಳು ಇನ್ನೂ ನೋಡಿರಲಿಲ್ಲ. ಬಾಗಿಲಲ್ಲಿ ಅತ್ತೆ ಸೆರಗು ಸರಿಮಾಡಿಕೊಳ್ಳುತ್ತ, ಅವರು ಈಗ ಎಲ್ಲಿರ್ತಾರೆ, ಲಾಂಡ್ರಿಯಲ್ಲಿರ್ತಾರಾ, ದಾರಿಯಲ್ಲಿರ್ತಾರಾ, ಎಂದು ಕೇಳುತ್ತಿದ್ದರು. ಆಗ ಅವನಿಗೆ ಮಾವನ ನೆನಪಾಯಿತು. ಆಗ ನೆನಪಾಯಿತು, ಅದಕ್ಕೆ ಮುಂಚೆ ಅಲ್ಲ. ನಗು ಮುಖದ ಮೇಲೆ ಇನ್ನೂ ಇತ್ತು, ಅದನ್ನು ತೆಗೆದು ಎಲ್ಲಿಡುವುದೆಂದು ಅವನಿಗೆ ತಿಳಿಯಲಿಲ್ಲ.

ಹೆಂಡತಿ ಏನೂ ಕೇಳಲಿಲ್ಲ. ಎದ್ದು, ಅಮ್ಮನಿಗೆ ಚಪ್ಪಲಿ ಮೆಟ್ಟಿಸಿ, ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದಳು. ಬರುವವರೆಲ್ಲ ಮೊದಲು ಅಲ್ಲಿಗೇ ಬರಬೇಕು. ಅವನು ಅವರ ಹಿಂದೆ ಸ್ವಲ್ಪ ದೂರದಲ್ಲಿ ನಡೆದ. ವೀಕ್ಷಣಾಲಯದಿಂದ ಫೋನು ಬರುತ್ತಲೇ ಇತ್ತು. ಬೂದಿಯ ಮೋಡ ಕೆಳಗಿನ ಪಟ್ಟಿಯ ಮೇಲೆ ಇಳಿಯುತ್ತಿದೆ, ಕಲ್ಲು ಬೀಳುತ್ತಿದೆ, ಕಾದ ಬೂದಿಯ ದೊಡ್ಡ ಪ್ರವಾಹ ಆಚೆ ಕಣಿವೆಗೆ ಹೋಯಿತು, ಅಷ್ಟರಮಟ್ಟಿಗೆ ದೇವರು ದೊಡ್ಡವನು, ಎಂದು ಗ್ಯಾಸು ಒಂದೇ ಉಸಿರಿನಲ್ಲಿ ಹೇಳಿ, ನೀನು ಮೊದಲಿನಿಂದ ಹೇಳ್ತಾನೇ ಇದ್ದೆ ಮಾರಾಯ, ಎಂದು ಅತ್ತುಬಿಟ್ಟ. ಅವನು ಫೋನನ್ನು ಜೇಬಿಗೆ ಹಾಕಿಕೊಂಡ. ಶಾಲೆಯ ಮುಂದೆ ಬಿಳಿ ಬೂದಿ ಮೆತ್ತಿದ ಗಾಡಿಗಳು ಒಂದೊಂದಾಗಿ ಬರುತ್ತಿದ್ದವು, ಗಾಜು ಒಡೆದವು, ಚಕ್ರ ಸುಟ್ಟವು. ಇಳಿದವರನ್ನು ಗುರುತಿಸುವುದೇ ಕಷ್ಟ, ಎಲ್ಲರೂ ಒಂದೇ ಬಣ್ಣ. ಹೊತ್ತು ಇಳಿಯುತ್ತ ಬಂದಾಗ ಭಾವಮೈದನ ಗಾಡಿ ಬಂತು. ಹಣೆಯಿಂದ ರಕ್ತ ಸುರಿಯುತ್ತಿದ್ದ ಭಾವಮೈದನನ್ನು ಯಾರೋ ಇಳಿಸಿಕೊಂಡರು. ಆಮೇಲೆ ಮಾವ ಇಳಿದರು, ಕೆಮ್ಮುತ್ತ, ಬರಿಗೈಯಲ್ಲಿ. ಅತ್ತೆ ಅವರ ಎದೆಗೆ ಹಣೆ ಒತ್ತಿ ನಿಂತುಬಿಟ್ಟರು. ಬದುಕಿದರು ಎಂದು ಅವನು ಗಟ್ಟಿಯಾಗಿಯೇ ಹೇಳಿಕೊಂಡ. ಈ ಸಲ ಬಂದದ್ದು ನಿಜವಾದ ಸಂತೋಷ, ಅದು ಅವನಿಗೆ ಖಾತ್ರಿಯಿತ್ತು. ಆದರೂ ಹೆಂಡತಿ ಅವನ ಕಡೆ ತಿರುಗಲಿಲ್ಲ.

ಮಾವ ಅವನನ್ನು ಕಂಡವರೇ ಜನರನ್ನು ಸರಿಸಿಕೊಂಡು ಬಂದು ಅವನ ಎರಡೂ ಕೈ ಹಿಡಿದುಕೊಂಡರು. ಕಣ್ಣುಗಳಷ್ಟೇ ಕೆಂಪಗೆ, ಉಳಿದದ್ದೆಲ್ಲ ಬೂದಿ. ಸುತ್ತ ನಿಂತವರಿಗೆಲ್ಲ ಕೇಳುವಂತೆ ಹೇಳತೊಡಗಿದರು: ನಾನು ಹೊರಡೋವಾಗಲೂ ಬೇಡ ಅಂದ್ರು ಇವರು, ಇವತ್ತು ಬೇಡ ಮಾವ ಅಂದ್ರು, ನಾನೇ ಮೂರ್ಖ, ಗೇಲಿ ಮಾಡಿ ಹೋದೆ. ಇಡೀ ಊರು ನಗ್ತಿರುವಾಗ ಇವರೊಬ್ಬರೇ ಬೆಟ್ಟದ ಮಾತು ಕೇಳಿದ್ದು. ಮೇಲೆ ಕೂತವರು ಇವರ ಮಾತು ಕೇಳಿದ್ರೆ ಒಬ್ಬರೂ ಹೋಗ್ತಿರಲಿಲ್ಲ. ಜನ ಹೂಂ ಹೂಂ ಎಂದರು. ಯಾರೋ ಸರಾಸರಿ ಮೇಡಂ ಅವರನ್ನು ಬೈದರು, ಇನ್ನೊಬ್ಬರು ಅವಳ ಮನೆ ಎಲ್ಲಿ ಎಂದು ಕೇಳಿದರು. ಹೆಂಡತಿ ಈಗ ತಿರುಗಿದ್ದಳು. ಅವಳ ಕಣ್ಣು ತನ್ನ ಮೇಲೆ ಇದ್ದದ್ದರಿಂದಲೋ, ಮೇಡಂ ಮನೆಯ ಮಾತು ಬಂದದ್ದರಿಂದಲೋ, ಅವನು ಬಾಯಿಬಿಟ್ಟ.

“ಇಲ್ಲ ಮಾವ. ನಾನು ಎಂಟು ಅಂದಿದ್ದೆ.”

ಮಾವ ಅವನ ಕೈ ಬಿಡದೆ ಹುಬ್ಬು ಗಂಟಿಕ್ಕಿ ಯೋಚಿಸಿದರು. ಆಮೇಲೆ ಮಕ್ಕಳಿಗೆ ಉತ್ತರ ಹೇಳಿಕೊಡುವವರ ಹಾಗೆ ಕೇಳಿದರು:

“ಎಂಟು ಅಂದ್ರೆ, ಹೋಗಬಾರದು ಅಂತ ತಾನೆ?”

ಎಲ್ಲರೂ ಅವನ ಬಾಯಿ ನೋಡುತ್ತಿದ್ದರು. ಮಾವನ ಹಿಡಿತ ಬಿಗಿಯಾಗಿತ್ತು, ಬೂದಿಯೊಳಗೆ ಆ ಕೈ ಬೆಚ್ಚಗಿತ್ತು. ತಿಂಗಳುಗಳ ನಂತರ ಯಾರೋ ಅವನನ್ನು ಹಾಗೆ ಹಿಡಿದಿದ್ದರು. ಅಲ್ಲ ಎನ್ನಲು ಒಂದೇ ಮಾತು ಸಾಕಾಗಿತ್ತು.

“ಹೌದು,” ಎಂದ.

ಕೇಳಿದ್ರಾ, ಎಂದು ಮಾವ ಜನರ ಕಡೆ ತಿರುಗಿದರು. ಆಗ ಗುಂಪಿನ ಹಿಂದಿನಿಂದ ಹೆಂಗಸೊಬ್ಬಳು ದಾರಿ ಮಾಡಿಕೊಂಡು ಮುಂದೆ ಬಂದಳು. ಅವನಿಗೆ ಪರಿಚಯವಿಲ್ಲದವಳು. ಮಗ ಅಂಗಡಿಯ ಬಾಗಿಲು ತೆಗೆದು ನೋಡಿ ಬರುತ್ತೇನೆ ಎಂದು ಹೋದವನು ಇನ್ನೂ ಬಂದಿಲ್ಲ, ಕೇಳಿದ ಗಾಡಿಯವರೆಲ್ಲ ಕಾಣಲಿಲ್ಲ ಎನ್ನುತ್ತಾರೆ, ಎಂದು ಅವಳು ಯಾರಿಗೋ ಪಾಠ ಒಪ್ಪಿಸುವಂತೆ ಸಮನಾದ ದನಿಯಲ್ಲಿ ಹೇಳಿದಳು. ಮಾವ ಬಿಟ್ಟ ಅವನ ಒಂದು ಕೈಯನ್ನು ತೆಗೆದು ತನ್ನ ಎರಡು ಕೈಗಳ ನಡುವೆ ಇಟ್ಟುಕೊಂಡಳು.

“ನೀವು ಹೇಳಿದ್ದು ಆಗುತ್ತೆ ಅಂತಾರೆ. ನನ್ನ ಮಗ ಬರ್ತಾನಾ?”

ಇಳಿಜಾರಿನ ದಾರಿ, ಬೂದಿಯ ಆಳ, ಕಳೆದ ಹೊತ್ತು, ಎಲ್ಲ ಸೇರಿ ತಲೆಯೊಳಗೆ ಒಂದು ಅಂಕಿ ಮೂಡುತ್ತಿತ್ತು. ಅದು ತೀರಾ ಸಣ್ಣದಿತ್ತು. ಅವನು ಅವಳ ಮುಖ ನೋಡಿದ.

“ಬರ್ತಾನೆ,” ಎಂದ.

ಅವಳು ಅವನ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು. ಅಷ್ಟರಲ್ಲಿ ಹೆಂಡತಿ ಬಂದು ಇಬ್ಬರ ನಡುವೆ ನಿಂತು, ಅವಳ ಬೆರಳುಗಳನ್ನು ಅವನ ಕೈಯಿಂದ ಒಂದೊಂದಾಗಿ ಮೆಲ್ಲಗೆ ಬಿಡಿಸಿದಳು. “ಇವರಿಗೆ ಗೊತ್ತಿಲ್ಲಮ್ಮಾ,” ಎಂದಳು. “ಬನ್ನಿ, ನಾವಿಬ್ಬರೂ ಆ ಕಡೆ ಕೂತು ದಾರಿ ನೋಡೋಣ.” ಹೆಂಗಸು ಒಮ್ಮೆ ಅವನನ್ನೂ ಒಮ್ಮೆ ಅವಳನ್ನೂ ನೋಡಿ, ಅವಳ ಜೊತೆ ಹೋದಳು. ಅವರು ಗೇಟಿನ ಪಕ್ಕದ ಕಟ್ಟೆಯ ಮೇಲೆ ಕೂತರು. ಇನ್ನೊಂದು ಗಾಡಿ ಬರುತ್ತಿತ್ತು, ಜನ ಅದರ ಕಡೆಗೆ ಓಡಿದರು.